ಡ್ಯೂರರ್‌ನ ಸಂತ ಜೆರೋಮ್ ಚಿತ್ರದಲ್ಲಿ ಸೋರೆಕಾಯಿ ಯಾಕಿದೆ?

ಪ್ರಶ್ನೆ:
ಜರ್ಮನ್ ಕಲಾವಿದ ಆಲ್‌ಬ್ರೆಕ್ಟ್ ಡ್ಯೂರರ್ 1514ರಲ್ಲಿ ಮಾಡಿದ ಸಂತ ಜೆರೋಮ್ ಅಚ್ಚುಚಿತ್ರವನ್ನು ಎರಡು ದಿನದಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದೇನೆ. ಜೆರೋಮ್ ಕೋಣೆಯಲ್ಲಿ ತಲೆ ಬಗ್ಗಿಸಿ ಬರೆಯುತ್ತಿದ್ದಾರೆ. ಮುಂದೆ ಸಿಂಹ, ಪಕ್ಕದಲ್ಲಿ ಸುರುಳಿಯಾಗಿ ಮಲಗಿದ ನಾಯಿ. ಕಾಲಿನ ಮುಳ್ಳು ತೆಗೆದಿದ್ದಕ್ಕೆ ಸಿಂಹ ಜೊತೆಗೇ ಉಳಿಯಿತು ಅನ್ನೋ ಕಥೆ ಗೊತ್ತು. ಆದರೆ ಮೇಲಿಂದ ಎಲೆ, ಬಳ್ಳಿ ಸಮೇತ ಅಷ್ಟು ದೊಡ್ಡ ಸೋರೆಕಾಯಿ ಯಾಕೆ ತೂಗುತ್ತಿದೆ? ಮತ್ತೆ, ಬಣ್ಣವೇ ಇಲ್ಲದೆ ಕಿಟಕಿಯಿಂದ ಬಿಸಿಲು ಹೇಗೆ ಬಂತು?

ಉತ್ತರ 1:
ಬಿಸಿಲಿರುವ ಕಡೆ ಏನೂ ಇಲ್ಲ, ಅದು ಖಾಲಿ ಕಾಗದ. ತಾಮ್ರದ ತಗಡಿನ ಮೇಲೆ ಚೂಪಾದ ಉಳಿಯಿಂದ ಗೀರು ಕೊರೆದು, ಮಸಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್‌ನಲ್ಲಿ ಒತ್ತುತ್ತಾರೆ. ಗೀರು ಒತ್ತಾದರೆ ನೆರಳು, ಬಿಟ್ಟರೆ ಬೆಳಕು, ಅಷ್ಟೇ. ಕಿಟಕಿಯ ಪಕ್ಕದ ಗೋಡೆ ನೋಡಿ: ಗಾಜಿನ ದುಂಡು ಬಿಲ್ಲೆಗಳ ನೆರಳು ಅಲ್ಲಿ ಬಿದ್ದಿದೆ. ಇಡೀ ಚಿತ್ರ ಸುಮಾರು 25 ಸೆಂಟಿಮೀಟರ್ ಎತ್ತರ, 19 ಅಗಲ, ಅಷ್ಟರಲ್ಲಿ ಇದೆಲ್ಲ! ಅಚ್ಚಿನಲ್ಲಿ ಎಡಬಲ ತಿರುಗುವುದರಿಂದ ನೆಲದ ಮೇಲಿನ ಪುಟ್ಟ ಹಲಗೆಯಲ್ಲಿರುವ ಇಸವಿಯನ್ನೂ ಸಹಿಯನ್ನೂ ಉಲ್ಟಾ ಕೊರೆಯಬೇಕಿತ್ತು.

ಉತ್ತರ 2:
ಸೋರೆಕಾಯಿಗೆ ಒಂದು ಚೆಂದದ ವಿವರಣೆ ಇದೆ. ಜೆರೋಮ್ ಬೈಬಲನ್ನು ಲ್ಯಾಟಿನ್‌ಗೆ ತಂದವರು, ಅಲ್ವಾ? ಬೈಬಲಿನ ಯೋನನ ಕಥೆಯಲ್ಲಿ ದೇವರು ಅವನ ನೆರಳಿಗೆ ಒಂದು ಗಿಡ ಬೆಳೆಸುತ್ತಾನೆ. ಜೆರೋಮ್‌ಗಿಂತ ಹಿಂದಿನ ಹಳೆಯ ಲ್ಯಾಟಿನ್ ಅನುವಾದದಲ್ಲಿ ಅದು ಸೋರೆ. ಜೆರೋಮ್ ಅದನ್ನು ಐವಿ ಬಳ್ಳಿ ಮಾಡಿದರು. ಆ ಒಂದು ಪದಕ್ಕೆ ಒಂದು ಊರಿನ ಚರ್ಚಿನಲ್ಲಿ ಗಲಾಟೆಯೇ ಆಯಿತು ಅಂತ ಆ ಕಾಲದ ಬಿಷಪ್ ಅಗಸ್ಟೀನ್, ಜೆರೋಮ್‌ಗೆ ಪತ್ರ ಬರೆದಿದ್ದಾರೆ. ಆ ಜಗಳದ ನೆನಪಿಗೇ ಡ್ಯೂರರ್ ಇದನ್ನು ತೂಗುಹಾಕಿದ ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ. ಬರೀ ಅಲಂಕಾರಕ್ಕಾಗಿದ್ದರೆ ಅಷ್ಟು ದೊಡ್ಡದು ಯಾಕೆ ಬೇಕಿತ್ತು?

ಉತ್ತರ 3:
ಹಿಂದಿನ ಗೋಡೆಯ ಟೋಪಿಯನ್ನೂ ಗಮನಿಸಿ, ಅದು ಕಾರ್ಡಿನಲ್‌ಗಳದ್ದು, ಅಂದರೆ ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರುಗಳದ್ದು. ಜೆರೋಮ್ ತೀರಿಕೊಂಡಿದ್ದು 420ರಲ್ಲಿ, ಆಗ ಆ ಟೋಪಿಯೇ ಇರಲಿಲ್ಲ. ಆದರೂ ಕಲಾವಿದರು ತಲೆಮಾರುಗಳಿಂದ ಹಾಗೇ ಬರೆಯುತ್ತಿದ್ದರು, ನೋಡಿದ ತಕ್ಷಣ ಜೆರೋಮ್ ಅಂತ ಗೊತ್ತಾಗಲಿ ಅಂತ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಗಾಜಿನ ನೆರಳು ಈಗ ಕಂಡಿತು, ಇಷ್ಟು ದಿನ ಅದನ್ನು ಗೋಡೆಯ ಮೇಲಿನ ಚಿತ್ತಾರ ಅಂದುಕೊಂಡಿದ್ದೆ. ಕಿಟಕಿಕಟ್ಟೆಯ ಮೇಲಿನ ತಲೆಬುರುಡೆಗೂ ಅದೇ ಬೆಳಕು ಬಿದ್ದಿದೆ.