‘ನಿರ್ಬಂಧ’, ‘ನಿಷೇಧ’ ಮತ್ತು ‘ನಿಯಮನ’: ಒಂದು ಪದಜಿಜ್ಞಾಸೆ

ಮಾನ್ಯರೆ,

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ವಸಾಹತಿನಲ್ಲಿ ಗಣೇಶೋತ್ಸವಕ್ಕೆ ಮುಂಚೆ ಮರಾಠಿಯಲ್ಲಿ ಬಂದ ಒಂದು ಸೂಚನಾಪತ್ರವನ್ನು, ಮರಾಠಿ ಓದಲು ಬಾರದ ಹಿರಿಯರಿಗಾಗಿ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ‘ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧ’ ಎಂದು ಬರೆದೆ. ಅದನ್ನು ಓದಿದ ಹಿರಿಯರೊಬ್ಬರು, “ಹಾಗಾದರೆ ಸ್ವಲ್ಪ ಮೆಲ್ಲಗೆ ಹಾಕಬಹುದಲ್ಲ?” ಎಂದು ಕೇಳಿದಾಗ ಪದ ತಪ್ಪಿತೆಂದು ತಿಳಿಯಿತು.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಧ್ವನಿವರ್ಧಕ ಬಳಸುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸಲೇಬಾರದು. ಆದರೆ ಹಬ್ಬಹರಿದಿನಗಳಿಗಾಗಿ ರಾಜ್ಯ ಸರ್ಕಾರವು ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಹಗಲಿನ ಅನುಮತಿಯ ಷರತ್ತು ನಿರ್ಬಂಧವೆನಿಸಿದರೆ, ರಾತ್ರಿಯದು ನಿಷೇಧ, ಹದಿನೈದು ದಿನಗಳದು ಆ ನಿಷೇಧಕ್ಕೆ ವಿನಾಯಿತಿ. ಪತ್ರಿಕೆಗಳ ತಲೆಬರಹಗಳಲ್ಲಿ ಈ ಮೂರೂ ‘ನಿಷೇಧ’ವಾಗುವುದುಂಟು, ಹಾಗಾದಾಗ ಪೂಜೆಯನ್ನೇ ತಡೆದರೆಂಬ ಗುಲ್ಲು ಏಳುತ್ತದೆ. ಚೆನ್ನೈನ ಚರ್ಚೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2000ರಲ್ಲಿ ಹೇಳಿದ್ದು, ಧ್ವನಿವರ್ಧಕದಿಂದಲೋ ಡೋಲಿನಿಂದಲೋ ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸಿಲ್ಲ ಎಂದೇ ಹೊರತು ಪ್ರಾರ್ಥನೆ ಕೂಡದೆಂದಲ್ಲ.

ನಮ್ಮ ತೊಡಕಿಗೆ ಇನ್ನೊಂದು ಕಾರಣ ‘ನಿರ್ಬಂಧ’ ಪದದೊಳಗೇ ಇದೆ. ‘ಬರಲೇಬೇಕೆಂಬ ನಿರ್ಬಂಧವೇನಿಲ್ಲ’ ಎನ್ನುವಾಗ ಅದು ಬಲವಂತ. ‘ಪ್ರವೇಶಕ್ಕೆ ನಿರ್ಬಂಧ’ ಎನ್ನುವಾಗ ತಡೆ. ಮಾಡು ಎಂದು ಒತ್ತಾಯಿಸುವುದಕ್ಕೂ ಮಾಡಬೇಡ ಎಂದು ತಡೆಯುವುದಕ್ಕೂ ಒಂದೇ ಪದ! ಮರಾಠಿಯವರಿಗೆ ಸಂಪೂರ್ಣ ನಿಷೇಧಕ್ಕೆ ‘ಬಂದಿ’ ಇದೆ, ಮುಂಬಯಿ ಕನ್ನಡಿಗರ ಬಾಯಲ್ಲೂ ಅದು ಸಲೀಸಾಗಿ ಬರುತ್ತದೆ. ಆದರೆ ಕರ್ನಾಟಕದ ಊರಿನಲ್ಲಿ ‘ಲೌಡ್‌ಸ್ಪೀಕರ್ ಬಂದಿ’ ಎಂದರೆ ಅದನ್ನು ಯಾರೋ ಸೆರೆಹಿಡಿದರು ಎಂದುಕೊಂಡಾರು. ‘ಕಟ್ಟುಪಾಡು’ ಸೊಗಸಾದ ಪದವಾದರೂ ಜಾತಿಯೋ ಊರೋ ತಾನೇ ಹಾಕಿಕೊಂಡ ಕಟ್ಟಳೆಯ ಛಾಯೆ ಅದಕ್ಕಿದೆ, ಕಾಯಿದೆಗೆ ಒಗ್ಗದು ಎಂದು ನನಗನ್ನಿಸುತ್ತದೆ.

ಸಂವಿಧಾನದ 25ನೇ ಅನುಚ್ಛೇದವು ಧಾರ್ಮಿಕ ಸ್ವಾತಂತ್ರ್ಯವನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಡಿಸುತ್ತದೆ. ಅದರ ಎರಡನೆಯ ಖಂಡದಲ್ಲಿ, ಧರ್ಮಾಚರಣೆಯೊಂದಿಗೆ ಬೆರೆತ ಆರ್ಥಿಕ, ರಾಜಕೀಯ ಮುಂತಾದ ಲೌಕಿಕ ಚಟುವಟಿಕೆಗಳ ವಿಷಯದಲ್ಲಿ, ಕ್ರಮಕ್ಕೆ ಒಳಪಡಿಸುವುದು (ಇಂಗ್ಲಿಷಿನ ‘ರೆಗ್ಯುಲೇಟ್’) ಮತ್ತು ನಿರ್ಬಂಧಿಸುವುದು ಎಂಬ ಎರಡು ಕ್ರಿಯೆಗಳು ಅಕ್ಕಪಕ್ಕದಲ್ಲೇ ಬರುತ್ತವೆ. ಎರಡನೆಯದಕ್ಕೆ ಕನ್ನಡದಲ್ಲಿ ಪದವಿದೆ. ಮೊದಲನೆಯದಕ್ಕೆ ‘ನಿಯಂತ್ರಣ’ ಎಂದರೆ ಹತೋಟಿಯ ಬಿಗಿಯೇ ಹೆಚ್ಚಾಗಿ ಕೇಳಿಸುತ್ತದೆ. ಶಬ್ದಮಾಲಿನ್ಯ ನಿಯಮಗಳ ಶೀರ್ಷಿಕೆಯಲ್ಲೂ ‘ರೆಗ್ಯುಲೇಶನ್ ಮತ್ತು ಕಂಟ್ರೋಲ್’ ಎಂಬ ಇಂಥದೇ ಜೋಡಿಯಿದ್ದು, ಮರಾಠಿಯಲ್ಲಿ ಅದು ‘ನಿಯಮನ ವ ನಿಯಂತ್ರಣ’ ಆಗಿದೆ.

ಈಗ ನನ್ನ ತಿದ್ದುಪಡಿ ಹೀಗಿದೆ: ‘ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಸಡಿಲಿಕೆ ಇರುವ ದಿನಗಳನ್ನು ಬಿಟ್ಟು ರಾತ್ರಿ 10ರ ನಂತರ ಪೂರ್ಣ ನಿಷೇಧ.’ ಸೂಚನಾಪತ್ರಕ್ಕೆ ಇಷ್ಟು ಸಾಕು. ಆದರೆ ಶಾಸನದ ಅನುವಾದಕ್ಕೆ ‘ನಿಯಮನ’ವನ್ನು ಕನ್ನಡದಲ್ಲಿ ನಿಲ್ಲಿಸಬಹುದೆ, ಅಥವಾ ಮಂಗಳೂರು, ಧಾರವಾಡ, ಬೆಂಗಳೂರು ಕಡೆಯ ನ್ಯಾಯಾಲಯಗಳಲ್ಲಿ ಬಳಕೆಯಲ್ಲಿರುವ ಬೇರೆ ಪದವೇನಾದರೂ ಉಂಟೆ ಎಂಬುದನ್ನು ಬಲ್ಲವರು ಪ್ರಯೋಗಸಹಿತ ತಿಳಿಸಬೇಕೆಂದು ಕೋರುತ್ತೇನೆ.