‘ಜಂತುನಾಶಕ’, ‘ಗುಣ’, ‘ಉಣ್ಣೆ ಜ್ವರ’: ನಾಯಿ-ಬೆಕ್ಕುಗಳ ಪ್ರೊಟೊಜೋವ ರೋಗಗಳ ಚಿಕಿತ್ಸೆಗೆ ಯಾವ ಪದಗಳು?

ನಾಯಿ, ಬೆಕ್ಕು ಸಾಕಿದವರು ಓದಬಹುದಾದ ಪಶುವೈದ್ಯಕೀಯ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಪ್ರೊಟೊಜೋವ ಸೋಂಕುಗಳ ಔಷಧಿಗಳನ್ನು ಕುರಿತ ಅಧ್ಯಾಯದಲ್ಲಿ ಕೆಲವು ಪದಗಳು ತೊಡಕಾಗಿವೆ. ಪ್ರೊಟೊಜೋವಕ್ಕೆ ‘ಆದಿಜೀವಿ’, ‘ಏಕಕೋಶಜೀವಿ’ ಎಂಬ ಎರಡು ಪದಗಳುಂಟು. ಬ್ಯಾಕ್ಟೀರಿಯಾವೂ ಏಕಕೋಶಜೀವಿಯೇ ಆದ್ದರಿಂದ ಎರಡನೆಯದು ಇಲ್ಲಿ ನಿಲ್ಲದು, ಮೊದಲನೆಯದು ಪಠ್ಯಪುಸ್ತಕದ ಹೊರಗೆ ಅಷ್ಟಾಗಿ ಕೇಳಿಬರುವುದಿಲ್ಲ. ‘ಪ್ರೊಟೊಜೋವ’ ಎಂದೇ ಉಳಿಸಿಕೊಂಡಿದ್ದೇನೆ, ಅದರ ಬಗ್ಗೆ ತಕರಾರಿಲ್ಲ. ನನ್ನ ಪ್ರಶ್ನೆ ಇರುವುದು ಔಷಧಿಯನ್ನು ಏನೆಂದು ಕರೆಯಬೇಕು, ಅದರ ಫಲವನ್ನು ಯಾವ ಮಾತಿನಲ್ಲಿ ಹೇಳಬೇಕು ಎಂಬುದರಲ್ಲಿ.

ಈ ಔಷಧಿಗಳನ್ನು ‘ಜಂತುನಾಶಕ’ ಎನ್ನಬಹುದೆಂಬ ಸಲಹೆ ಬಂದಿತ್ತು. ಸಂಸ್ಕೃತದಲ್ಲಿ ‘ಜಂತು’ ಎಂದರೆ ಹುಟ್ಟಿದ ಯಾವುದೇ ಪ್ರಾಣಿ. ಆದರೆ ಕನ್ನಡಿಗರ ಕಿವಿಗೆ ‘ಜಂತಿನ ಔಷಧಿ’ ಎಂದೊಡನೆ ನೆನಪಾಗುವುದು ಹೊಟ್ಟೆಯ ಹುಳು, ಮರಿಗಳಿಗೆ ಆಗಾಗ ಕೊಡುವ ಮಾತ್ರೆ. ಆ ಮಾತ್ರೆಗಳಲ್ಲಿರುವ ಪೈರಾಂಟೆಲ್ ಅಥವಾ ಪ್ರಾಜಿಕ್ವಾಂಟೆಲ್ ಹುಳುಗಳನ್ನು ಉದುರಿಸುತ್ತವೆಯೇ ಹೊರತು ಮರಿಗಳಿಗೆ ನೀರುಭೇದಿ ತರುವ ಕಾಕ್ಸಿಡಿಯಾ ಎಂಬ ಪ್ರೊಟೊಜೋವವನ್ನು ಮುಟ್ಟುವುದಿಲ್ಲ. ಹೀಗಿರುವಾಗ ಎರಡಕ್ಕೂ ಒಂದೇ ಹೆಸರಿಟ್ಟರೆ ‘ಜಂತಿಗೆ ಕೊಟ್ಟಾಗಿದೆಯಲ್ಲ’ ಎಂದು ಓದುಗರು ಸುಮ್ಮನಾಗುವ ಅಪಾಯವಿದೆ. ಇದಕ್ಕೆ ವ್ಯತಿರಿಕ್ತವಾಗಿ ಫೆನ್‌ಬೆಂಡಜೋಲ್ ಹುಳುವಿನ ಔಷಧಿಯೇ ಆಗಿದ್ದರೂ, ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ 50 ಮಿಲಿಗ್ರಾಂನಂತೆ ದಿನಕ್ಕೊಮ್ಮೆ 3ರಿಂದ 5 ದಿನ ಕೊಟ್ಟರೆ ಜಿಯಾರ್ಡಿಯಾ ಎಂಬ ಪ್ರೊಟೊಜೋವದ ಮೇಲೂ ಕೆಲಸ ಮಾಡುತ್ತದೆ. ಆದ್ದರಿಂದ ಜೀವಿಯನ್ನು ನೋಡಿ ಹೆಸರಿಡಬೇಕೇ, ಔಷಧಿಯನ್ನು ನೋಡಿ ಹೆಸರಿಡಬೇಕೇ ಎಂಬ ಪ್ರಶ್ನೆ ಏಳುತ್ತದೆ. ಜೀವಿಯನ್ನು ನೋಡುವುದೇ ಸರಿಯೆಂದು ನನ್ನ ಎಣಿಕೆ. ‘ಕ್ರಿಮಿನಾಶಕ’ ಎಂಬುದನ್ನಂತೂ ಹೊಲಕ್ಕೆ ಸಿಂಪಡಿಸುವ ವಿಷಕ್ಕೇ ಬಿಟ್ಟುಕೊಡೋಣ.

‘ನಾಶಕ’ ಎಂಬ ಉತ್ತರಪದವೂ ಎಲ್ಲ ಕಡೆ ಸಲ್ಲುವುದಿಲ್ಲ. ಕಾಕ್ಸಿಡಿಯಾಕ್ಕೆ ಬಹುಕಾಲದಿಂದ ಬಳಸುವ ಸಲ್ಫಡೈಮಿಥಾಕ್ಸಿನ್ ಆ ಜೀವಿ ಹೆಚ್ಚುವುದನ್ನು ತಡೆಹಿಡಿಯುತ್ತದೆ, ಉಳಿದ ಕೆಲಸವನ್ನು ಮರಿಯ ರೋಗನಿರೋಧಕ ಶಕ್ತಿಯೇ ಮುಗಿಸಬೇಕು; ಟೊಲ್ಟ್ರಜುರಿಲ್, ಪೊನಜುರಿಲ್‌ಗಳು ನೇರವಾಗಿ ಕೊಲ್ಲುತ್ತವೆ. ಮೊದಲನೆಯದನ್ನು ‘ತಡೆಮದ್ದು’ ಎಂದರೆ ರೋಗ ಬರುವ ಮುನ್ನ ಕೊಡುವುದೆಂಬ ಅರ್ಥ ಬರುತ್ತದೆ. ‘ವೃದ್ಧಿರೋಧಕ’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ, ತೃಪ್ತಿಯಿಲ್ಲ.

ಇದಕ್ಕಿಂತ ಗಹನವಾದದ್ದು ‘ಗುಣ’ದ ಪ್ರಶ್ನೆ. ಬೆಕ್ಕಿನ ಟಾಕ್ಸೊಪ್ಲಾಸ್ಮಾ ರೋಗಕ್ಕೆ ಕ್ಲಿಂಡಾಮೈಸಿನ್ ಅನ್ನು ಸಾಮಾನ್ಯವಾಗಿ ನಾಲ್ಕು ವಾರ ಕೊಡುತ್ತಾರೆ. ಜ್ವರ ಇಳಿಯುತ್ತದೆ, ಉಸಿರಾಟ ಸುಧಾರಿಸುತ್ತದೆ, ಆದರೆ ಸ್ನಾಯು, ಮಿದುಳುಗಳಲ್ಲಿ ಅಡಗಿದ ಸಿಸ್ಟ್‌ಗಳು (ಪರಾವಲಂಬಿಗಳು ತುಂಬಿದ ಸೂಕ್ಷ್ಮ ಚೀಲಗಳು) ಹಾಗೆಯೇ ಇರುತ್ತವೆ. ನಾಯಿಯ ಲೀಶ್ಮೇನಿಯಾ ರೋಗಕ್ಕೆ ಮಿಲ್ಟೆಫೋಸಿನ್ ಅನ್ನು 28 ದಿನ ಕೊಟ್ಟು, ಅದರೊಂದಿಗೆ ಆರಂಭಿಸಿದ ಅಲೋಪ್ಯುರಿನಾಲ್ ಅನ್ನು ತಿಂಗಳುಗಟ್ಟಲೆ, ಹಲವು ವೇಳೆ ವರ್ಷವಾದರೂ, ಮುಂದುವರಿಸುತ್ತಾರೆ. ಚರ್ಮದ ಹುಣ್ಣು ಮಾಯ್ದು ನಾಯಿ ಚೇತರಿಸಿಕೊಂಡರೂ ಪರಾವಲಂಬಿ ಪೂರ್ತಿ ತೊಲಗಿತೆಂದು ಹೇಳಲಾಗದು. ನಾಯಿಯ ಕೆಂಪು ರಕ್ತಕಣಗಳಲ್ಲಿ ಬೆಳೆಯುವ ಬಬೇಸಿಯಾ ಗಿಬ್ಸೋನಿ ಎಂಬ ಪ್ರೊಟೊಜೋವದ ಕಥೆಯೂ ಹೀಗೆಯೇ: ಅಟೋವಾಕ್ವೋನ್, ಅಜಿತ್ರೋಮೈಸಿನ್ ಎರಡನ್ನೂ ಸೇರಿಸಿ 10 ದಿನ ಕೊಡುವ ಚಿಕಿತ್ಸೆಯ ನಂತರವೂ ಕೆಲವು ನಾಯಿಗಳಲ್ಲಿ ರೋಗ ಮರುಕಳಿಸುತ್ತದೆ. ಇಲ್ಲೆಲ್ಲ ‘ಗುಣವಾಯಿತು’, ‘ವಾಸಿಯಾಯಿತು’ ಎಂದು ಬರೆದರೆ, ಮುಂದಿನ ರಕ್ತಪರೀಕ್ಷೆಗೆ ನಾಯಿಯನ್ನು ಕರೆತರಬೇಕೆಂಬ ಸೂಚನೆಗೆ ಅರ್ಥವೇ ಉಳಿಯುವುದಿಲ್ಲ. ‘ಹತೋಟಿ’ ಎಂದರೆ ರೋಗ ಇನ್ನೂ ಕಾಡುತ್ತಿದೆ ಎಂಬ ಧ್ವನಿ.

ಆಯುರ್ವೇದದಲ್ಲಿ ‘ಶೋಧನ’ ಮತ್ತು ‘ಶಮನ’ ಎಂಬ ಜೋಡಿಯಿದೆ: ದೋಷವನ್ನು ಹೊರಹಾಕುವುದು ಒಂದು, ಹೊರಹಾಕದೆ ತಣಿಸುವುದು ಇನ್ನೊಂದು. ‘ರೋಗ ಶಮನವಾಯಿತು, ಪರಾವಲಂಬಿ ಉಳಿದಿದೆ’ ಎಂಬ ವಾಕ್ಯ ಈ ಸ್ಥಿತಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಇನ್ನೊಂದು ತುದಿಗೆ ‘ಶೋಧನ’ವನ್ನು ತರುವಂತಿಲ್ಲ, ಇಂದಿನ ಕನ್ನಡದಲ್ಲಿ ಶೋಧನೆ ಎಂದರೆ ಹುಡುಕಾಟ. ಪರಾವಲಂಬಿಯು ದೇಹದಿಂದ ಸಂಪೂರ್ಣ ಹೊರಟುಹೋದ ಸ್ಥಿತಿಗೆ ‘ನಿರ್ಮೂಲನ’ ಎನ್ನಲು ಹಿಂಜರಿಕೆಯಾಗುತ್ತಿದೆ, ಏಕೆಂದರೆ ಅದು ಇಡೀ ನಾಡಿನಿಂದ ರೋಗವನ್ನು ತೊಲಗಿಸುವ ಕಾರ್ಯಕ್ರಮಗಳಿಗೆ ಅಂಟಿಕೊಂಡಿದೆ.

ಕೊನೆಯದಾಗಿ ‘ಉಣ್ಣೆ ಜ್ವರ’. ಇಲ್ಲಿ ಉಣ್ಣೆ ಎಂದರೆ ನಾಯಿಯ ಮೈಗೆ ಅಂಟಿ ರಕ್ತ ಹೀರುವ ಜೀವಿ. ಈ ಹೆಸರಿನಡಿ ಬಬೇಸಿಯಾ ಎಂಬ ಪ್ರೊಟೊಜೋವವೂ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾವೂ ಸೇರಿಹೋಗಿವೆ. ಎರಡನ್ನೂ ಉಣ್ಣೆಯೇ ಹರಡುವುದರಿಂದ ಮಾತು ತಪ್ಪಲ್ಲ. ಆದರೆ ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಬೇಕು, ದೊಡ್ಡ ಗಾತ್ರದ ಬಬೇಸಿಯಾಗಳಿಗೆ ಇಮಿಡೋಕಾರ್ಬ್ ಚುಚ್ಚುಮದ್ದು ಬೇಕು. ಒಂದೇ ನಾಯಿಗೆ ಎರಡೂ ತಗುಲಿರುವುದುಂಟು, ಆಗ ಒಂದರ ಔಷಧಿಯಿಂದ ಇನ್ನೊಂದು ಹೋಗುತ್ತದೆಂದು ನಂಬಿ ಕೂರುವಂತಿಲ್ಲ. ‘ಬಬೇಸಿಯಾ ಜ್ವರ’, ‘ಎರ್ಲಿಕಿಯಾ ಜ್ವರ’ ಎಂದು ಬೇರ್ಪಡಿಸಿ, ‘ಉಣ್ಣೆ ಜ್ವರ’ವನ್ನು ಅಧ್ಯಾಯದ ಮೊದಲಲ್ಲಿ ಒಮ್ಮೆ ವಿವರಿಸಿ ಬಿಡಬೇಕೆಂದಿದ್ದೇನೆ. ಕುರಿಯ ತುಪ್ಪಳಕ್ಕೂ ಉಣ್ಣೆ ಎನ್ನುವುದರಿಂದ ‘ಉಣುಗು’ ಎಂದು ಬರೆಯುವುದು ಉತ್ತಮವೇ, ಅದು ಎಲ್ಲ ಪ್ರದೇಶಗಳವರಿಗೂ ತಿಳಿಯುವುದೇ ಎಂಬುದನ್ನು ಬಲ್ಲವರು ಹೇಳಬೇಕು. ‘ವೃದ್ಧಿರೋಧಕ’ಕ್ಕೆ ಬದಲಿಯೊಂದು, ‘ಶಮನ’ಕ್ಕೆ ಎದುರಾಗಿ ನಿಲ್ಲಬಲ್ಲ ಪದವೊಂದು ಸಿಕ್ಕಿದರೆ ಅಧ್ಯಾಯ ಮುಂದೆ ಸಾಗುತ್ತದೆ.