‘ಆರ್ಕೈವ್ ಮಾಡು’: ಹಳೆಯ ಇಮೇಲ್‌ಗೆ ಯಾವ ಕ್ರಿಯಾಪದ?

ಪ್ರಶ್ನೆ:

ನಮಸ್ಕಾರ. ಹಳೆಯ ಇಮೇಲ್‌ಗಳನ್ನು ಸ್ವಂತ ಕಂಪ್ಯೂಟರಿನಲ್ಲಿ ಕಾಪಾಡುವುದು ಹೇಗೆಂದು ತಿಳಿಸುವ ಕನ್ನಡ ಕೈಪಿಡಿಯೊಂದರ ಕರಡಿನಲ್ಲಿ ‘ಆರ್ಕೈವ್’ಗೆ ‘ಸಂಗ್ರಹಿಸು’ ಎಂದಿದೆ. ‘ಸೇವ್’ಗೂ ಅದೇ, ‘ಬ್ಯಾಕಪ್’ಗೂ ಅದೇ. ‘ಪತ್ರಾಗಾರಕ್ಕೆ ಕಳಿಸು’, ‘ಕಡತಕ್ಕೆ ಸೇರಿಸು’ ಎಂಬ ಸಲಹೆಗಳೂ ಬಂದಿವೆ. ಓದುವವರು ಸಣ್ಣ ಕಚೇರಿಗಳ ಸಿಬ್ಬಂದಿ. ಯಾವುದನ್ನು ಬಳಸಬಹುದು?

ಉತ್ತರ:

ಪದ ಆರಿಸುವ ಮೊದಲು ಒಂದನ್ನು ನೋಡಿಕೊಳ್ಳಿ: ಗುಂಡಿ ಒತ್ತಿದ ಮೇಲೆ ಪತ್ರ ಎಲ್ಲಿರುತ್ತದೆ?

ಜಿಮೇಲ್‌ನಲ್ಲಿ ಆರ್ಕೈವ್ ಒತ್ತಿದರೆ ಪತ್ರ ಎಲ್ಲಿಗೂ ಹೋಗುವುದಿಲ್ಲ. ಅದಕ್ಕಿದ್ದ ‘ಇನ್‌ಬಾಕ್ಸ್’ ಲೇಬಲ್ ಕಳಚುತ್ತದೆ, ‘ಆಲ್ ಮೇಲ್’ನಲ್ಲಿ ಪತ್ರ ಹಾಗೇ ಇರುತ್ತದೆ. ಉಚಿತ ಖಾತೆಯ 15 ಜಿಬಿಯಲ್ಲಿ ಒಂದು ಬೈಟ್ ಜಾಗವೂ ತೆರವಾಗುವುದಿಲ್ಲ. ಇದಕ್ಕೆ ‘ಬದಿಗಿಡು’ ಸಾಕು.

ಡೆಸ್ಕ್‌ಟಾಪಿನ ಹಳೆಯ ಔಟ್‌ಲುಕ್‌ನಲ್ಲಿ ಒಂದೇ ಹೆಸರಿಗೆ ಎರಡು ಕೆಲಸ. ‘ಆರ್ಕೈವ್’ ಗುಂಡಿ ಪತ್ರವನ್ನು ಅದೇ ಅಂಚೆಪೆಟ್ಟಿಗೆಯ ಇನ್ನೊಂದು ಫೋಲ್ಡರಿಗೆ ಸರಿಸುತ್ತದೆ. ‘ಆಟೋಆರ್ಕೈವ್’ ಮಾತ್ರ ಅದನ್ನು ಸರ್ವರ್‌ನಿಂದ ತೆಗೆದು ಕಂಪ್ಯೂಟರಿನ ಪಿಎಸ್‌ಟಿ ಫೈಲಿಗೆ (ಔಟ್‌ಲುಕ್ ಪತ್ರಗಳನ್ನು ಕೂಡಿಡುವ ಫೈಲು) ಹಾಕುತ್ತದೆ. ಆಮೇಲೆ ಮೊಬೈಲ್‌ನಲ್ಲಿ ಎಷ್ಟು ಹುಡುಕಿದರೂ ಸಿಗದು, ಹಾರ್ಡ್‌ಡಿಸ್ಕ್ ಕೆಟ್ಟರೆ ಪತ್ರವೇ ಇಲ್ಲ. ಎರಡಕ್ಕೂ ‘ಸಂಗ್ರಹಿಸು’ ಎಂದು ಬರೆದರೆ ಓದುಗರಿಗೆ ಈ ಅಪಾಯ ಕಾಣುವುದೇ ಇಲ್ಲ. ಅಲ್ಲದೆ ‘ಸಂಗ್ರಹವಾಗಿ ಹೇಳು’ ಎಂದರೆ ಚಿಕ್ಕದು ಮಾಡಿ ಹೇಳು ಎಂದಾಗುತ್ತದೆ.

ಜಾಗ ಬದಲಾಯಿಸುವ ಆರ್ಕೈವ್‌ಗೆ ‘ಎತ್ತಿಡು’ ಹೊಂದುತ್ತದೆ. ಒಡವೆ ಎತ್ತಿಟ್ಟಾಗ ಜಾಗ ಬದಲಾಗುತ್ತದೆ, ಒಡವೆ ಎರಡಾಗುವುದಿಲ್ಲ. ಬ್ಯಾಕಪ್‌ಗೆ ‘ಪ್ರತಿ ಮಾಡಿಡು’. ಇವೆರಡನ್ನು ಬೆರೆಸಬೇಡಿ. ಎತ್ತಿಟ್ಟ ಪಿಎಸ್‌ಟಿಯೇ ಈಗ ಏಕೈಕ ಪ್ರತಿ, ಹಾಗಾಗಿ ಅದನ್ನೂ ಬೇರೊಂದು ಡಿಸ್ಕಿಗೆ ಪ್ರತಿ ಮಾಡಿಡಬೇಕು. ‘ಪತ್ರಾಗಾರ’ವನ್ನು ಸಂಸ್ಥೆಗೇ ಬಿಡೋಣ. ಹಳೆಯ ಸರ್ಕಾರಿ ದಾಖಲೆಗಳನ್ನು ಕಾಪಾಡುವ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯ ಕೆಲಸವೇ ಬೇರೆ.

ಥಂಡರ್‌ಬರ್ಡ್ ಎಂಬ ಉಚಿತ ಇಮೇಲ್ ತಂತ್ರಾಂಶದ ವಿಚಾರವನ್ನು ಕೈಪಿಡಿಯಲ್ಲಿ ಬಿಡಿಸಿ ಬರೆಯಿರಿ. ಪತ್ರ ಆರಿಸಿ ‘ಎ’ ಕೀಲಿ ಒತ್ತಿದರೆ ಅದು ವರ್ಷವಾರು ಫೋಲ್ಡರಿಗೆ ಹೋಗುತ್ತದೆ. ಆದರೆ ಐಮ್ಯಾಪ್ (ಪತ್ರಗಳನ್ನು ಸರ್ವರ್‌ನಲ್ಲೇ ಇಟ್ಟು ಎಲ್ಲ ಸಾಧನಗಳಲ್ಲೂ ತೋರಿಸುವ ವಿಧಾನ) ಖಾತೆಯಲ್ಲಿ ಆ ಫೋಲ್ಡರ್ ಇರುವುದೂ ಸರ್ವರ್‌ನಲ್ಲೇ. ಕಂಪ್ಯೂಟರಿಗೆ ಬರಬೇಕಾದರೆ ಖಾತೆಯ ಸೆಟ್ಟಿಂಗ್ಸ್‌ನ ‘ಕಾಪೀಸ್ ಅಂಡ್ ಫೋಲ್ಡರ್ಸ್’ನಲ್ಲಿ ‘ಲೋಕಲ್ ಫೋಲ್ಡರ್ಸ್’ ಆರಿಸಬೇಕು. ಮೊದಲ ಸಲವಾದರೆ ನೇರವಾಗಿ ಎತ್ತಿಡುವುದಕ್ಕಿಂತ, ಒಂದು ವರ್ಷದ ಪತ್ರಗಳನ್ನು ಲೋಕಲ್ ಫೋಲ್ಡರಿಗೆ ನಕಲಿಸಿ, ಎರಡೂ ಕಡೆಯ ಎಣಿಕೆ ತಾಳೆ ನೋಡಿ, ಲಗತ್ತಿರುವ ಕೆಲವನ್ನು ನೆಟ್ ಸಂಪರ್ಕ ಕಡಿದು ತೆರೆದು ನೋಡಿ. ಆಮೇಲಷ್ಟೇ ಸರ್ವರ್‌ನಲ್ಲಿ ಅಳಿಸುವುದು. ಥಂಡರ್‌ಬರ್ಡ್ ತನ್ನ ಪತ್ರ, ಸೆಟ್ಟಿಂಗ್ಸ್ ಇಡುವ ಪ್ರೊಫೈಲ್ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಪ್ರತಿ ಮಾಡುವಾಗ ಥಂಡರ್‌ಬರ್ಡ್ ಮುಚ್ಚಿರಲಿ. ಬರೆಯುತ್ತಿರುವಾಗಲೇ ನಕಲಿಸಿದ ಫೈಲು ಅರೆಬರೆಯಾಗಿರಬಹುದು.

ಮತ್ತೊಂದು ಉತ್ತರ:

‘ಎತ್ತಿಡು’ಗೆ ನನ್ನ ಸಹಮತವಿದೆ. ‘ಕಡತ’ದ ಬಗ್ಗೆ ಒಂದು ಮಾತು. ಹಿಂದೆ ಕಡತವೆಂದರೆ ಹುಣಸೆಬೀಜದ ಅಂಟು, ಇದ್ದಿಲು ಬಳಿದ ಮಡಿಕೆ ಬಟ್ಟೆ. ಬಳಪದಲ್ಲಿ ಬರೆದು, ಬೇಕಾದರೆ ಅಳಿಸುತ್ತಿದ್ದರು. ಇಂದಿನ ಕಚೇರಿಯಲ್ಲಿ ಕಡತವೆಂದರೆ ಒಂದು ವಿಷಯದ ಪತ್ರಗಳ ಕಟ್ಟು. ಥಂಡರ್‌ಬರ್ಡ್‌ನ ಎಂಬಾಕ್ಸ್ ಹೆಚ್ಚುಕಡಿಮೆ ಅಂಥದ್ದೇ: ಫೋಲ್ಡರಿನ ಅಷ್ಟೂ ಪತ್ರಗಳು ಒಂದೇ ಫೈಲಿನಲ್ಲಿ ಸಾಲಾಗಿರುತ್ತವೆ. ಇಎಂಎಲ್ ಫೈಲಿನಲ್ಲಾದರೆ ಒಂದೇ ಪತ್ರ. ಆದ್ದರಿಂದ ಎಂಬಾಕ್ಸ್‌ಗೆ ‘ಕಡತ’ ಎನ್ನಬಹುದು, ಇಎಂಎಲ್‌ಗೆ ಬೇಡ. ಎಂಬಾಕ್ಸ್‌ನಲ್ಲಿ ಅಳಿಸಿದ ಪತ್ರ ‘ಕಾಂಪ್ಯಾಕ್ಟ್’ ಆಗುವವರೆಗೆ ಫೈಲಿನಲ್ಲೇ ಇರುತ್ತದೆ. ಹಾಗಾಗಿ ಆ ಆದೇಶಕ್ಕೆ ‘ಕುಗ್ಗಿಸು’ ಎನ್ನದೆ ‘ಅಳಿಸಿದ್ದನ್ನು ತೆರವು ಮಾಡು’ ಎನ್ನಿ. ಜಿಪ್ ಮಾಡಿದಂತೆ ಪತ್ರಗಳನ್ನು ಹಿಂಡುತ್ತದೆಂದು ತಿಳಿದು ಜನ ಹೆದರುತ್ತಾರೆ.

ಕೈಪಿಡಿಯ ‘ಹುಡುಕು’ ಭಾಗದಲ್ಲಿ ಕನ್ನಡ ಪತ್ರಗಳಿಗೇ ಒಂದು ಎಚ್ಚರಿಕೆ ಬೇಕು. ಯೂನಿಕೋಡ್ ಪತ್ರದ ಒಡಲು ಬಹುಮಟ್ಟಿಗೆ ಬೇಸ್64 ರೂಪದಲ್ಲಿ, ಅಂದರೆ ಬೈಟ್‌ಗಳನ್ನು ರೋಮನ್ ಅಕ್ಷರ, ಅಂಕಿಗಳಾಗಿ ಬರೆದ ರೂಪದಲ್ಲಿರುತ್ತದೆ. ‘ಕನ್ನಡ’ ಎಂಬುದು ಯುಟಿಎಫ್-8ರಲ್ಲಿ (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) 15 ಬೈಟ್, ಬೇಸ್64 ಆದಾಗ 20 ರೋಮನ್ ಅಕ್ಷರ. ಆ 20 ಅಕ್ಷರಗಳೂ ಪತ್ರದಲ್ಲಿ ಆ ಪದಕ್ಕಿಂತ ಮೊದಲು ಎಷ್ಟು ಬೈಟ್‌ಗಳಿವೆ ಎಂಬುದಕ್ಕೆ ತಕ್ಕಂತೆ ಬದಲಾಗುತ್ತವೆ. ನೋಟ್‌ಪ್ಯಾಡ್‌ನಲ್ಲಿ ಎಂಬಾಕ್ಸ್ ತೆರೆದು ಕನ್ನಡ ಪದ ಹುಡುಕಿ, ಸಿಗಲಿಲ್ಲವೆಂದು ಕಡತ ಹಾಳಾಗಿದೆ ಅಂದುಕೊಳ್ಳಬಾರದು. ಥಂಡರ್‌ಬರ್ಡ್‌ನೊಳಗೇ ಹುಡುಕಿದರೆ ಅದು ಬಿಡಿಸಿ ಓದುತ್ತದೆ.

ಯೂನಿಕೋಡಿಗಿಂತ ಹಿಂದಿನ ನುಡಿ, ಬರಹ ಫಾಂಟಿನ ಪತ್ರಗಳಲ್ಲಿ ಒಳಗಿರುವುದು ಲ್ಯಾಟಿನ್ ಸಂಕೇತಗಳು. ಫಾಂಟ್ ಇಲ್ಲದಿದ್ದರೆ ತೆರೆದಾಗ ಅವೇ ಕಾಣುತ್ತವೆ. ಇವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ, ಆದರೆ ಅದೇ ಪತ್ರದ ಇಂಗ್ಲಿಷ್ ಸಾಲು, ವಿಳಾಸಗಳನ್ನು ಅವು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತವೆ. ಅದಕ್ಕೇ ಮೂಲ ಇಎಂಎಲ್ ಅನ್ನು ಮುಟ್ಟದೆ ಹಾಗೇ ಉಳಿಸಿ, ಪರಿವರ್ತಿಸಿದ ಪಠ್ಯವನ್ನು ಅದೇ ಹೆಸರಿನ ಬೇರೆ ಫೈಲಾಗಿ ಪಕ್ಕದಲ್ಲಿಡಿ. ಇಲ್ಲಿ ‘ಬದಲಿಸು’ ಎಂದು ಬರೆದರೆ ಓದುಗರು ಮೂಲವನ್ನೇ ತಿದ್ದಿಬಿಟ್ಟಾರು. ‘ಯೂನಿಕೋಡ್ ಪ್ರತಿ ಮಾಡು’ ಎಂದೇ ಇರಲಿ.